ನಂಬಿಕೆ, ನಡತೆ ಮತ್ತು ಪಂಕ್ತಿ

ಮನುಷ್ಯನು ದೇವರಿಗೆ ಸಲ್ಲುವುದು ತನ್ನ ನಂಬಿಕೆಯಿಂದಲೋ, ತಾನು ಮಾಡಿದ ಸತ್ಕಾರ್ಯಗಳಿಂದಲೋ ಎಂಬ ಪ್ರಶ್ನೆ ಕ್ರೈಸ್ತಧರ್ಮದಷ್ಟೇ ಹಳೆಯದು. ಈ ಪ್ರಶ್ನೆಯ ಸುತ್ತ ಗ್ರಂಥರಾಶಿಯೇ ಬೆಳೆದಿದೆ, ಸಭೆಗಳು ಒಡೆದಿವೆ, ರಾಜ್ಯಗಳು ಕಾದಾಡಿವೆ. ಹೊರಗಿನಿಂದ ನೋಡುವವರಿಗೆ ಇದು ಮಠದ ಕೋಣೆಯಲ್ಲಿ ಕುಳಿತ ಪಂಡಿತರ ವಾಗ್ವಾದದಂತೆ ತೋರುವುದು ಸಹಜ. ಆದರೆ ಈ ವಾದ ಮೊದಲು ಹುಟ್ಟಿದ್ದು ಮಠದಲ್ಲಿ ಅಲ್ಲ, ಊಟದ ಪಂಕ್ತಿಯಲ್ಲಿ. ಯಾರು ಯಾರ ಪಕ್ಕದಲ್ಲಿ ಕುಳಿತು ಉಣ್ಣಬಹುದು ಎಂಬುದೇ ಅಲ್ಲಿಯ ಮೂಲ ಪ್ರಶ್ನೆಯಾಗಿತ್ತು. ಪಂಕ್ತಿಭೇದವೆಂಬ ಮಾತಿನ ನೋವನ್ನು ಬಲ್ಲ ನಾಡಿನವರಾದ ನಮಗೆ ಆ ಸಂದರ್ಭವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಸಿರಿಯಾ ಸೀಮೆಯ ಅಂತಿಯೋಕ್ಯವು ರೋಮನ್ ಸಾಮ್ರಾಜ್ಯದ ಮಹಾನಗರಗಳಲ್ಲಿ ಒಂದು. ಇಂದಿನ ತುರ್ಕಿಯ ಅಂತಾಕ್ಯ ಇರುವುದು ಅದೇ ನೆಲದ ಮೇಲೆ. ಯೇಸುವಿನ ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಈ ಊರಿನಲ್ಲಿಯೇ ಎಂದು ಅಪೊಸ್ತಲರ ಕೃತ್ಯಗಳ ಗ್ರಂಥವು ತಿಳಿಸುತ್ತದೆ. ಅಲ್ಲಿಯ ಸಭೆಯಲ್ಲಿ ಹುಟ್ಟಿನಿಂದ ಯೆಹೂದ್ಯರಾದವರೂ ಇದ್ದರು, ಗ್ರೀಕರೇ ಮೊದಲಾದ ಅನ್ಯಜನರೂ ಇದ್ದರು. ಯೆಹೂದ್ಯರಿಗೆ ಸುನ್ನತಿ, ಆಹಾರದ ಶುದ್ಧಾಶುದ್ಧ ನಿಯಮಗಳು ಮತ್ತು ಸಬ್ಬತ್ ದಿನದ ಆಚರಣೆ ಪವಿತ್ರವಾದವು. ಅನ್ಯಜನರಿಗೆ ಇವು ಯಾವುವೂ ಇರಲಿಲ್ಲ. ಆದರೂ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡುತ್ತಿದ್ದರು. ಯೇಸುವಿನ ಪ್ರಮುಖ ಶಿಷ್ಯನಾದ ಪೇತ್ರನು ಅಲ್ಲಿಗೆ ಬಂದಾಗ ಅವನೂ ಆ ಪಂಕ್ತಿಯಲ್ಲಿಯೇ ಕುಳಿತನು. ಆಮೇಲೆ ಯೆರೂಸಲೇಮಿನಿಂದ ಯಾಕೋಬನ ಕಡೆಯ ಕೆಲವರು ಬಂದರು. ಅವರಿಗೆ ಅಂಜಿ ಪೇತ್ರನು ಮೆಲ್ಲನೆ ಎದ್ದು ಬೇರೆಯಾದನು. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು. ಸೌಮ್ಯಸ್ವಭಾವದ ಬಾರ್ನಬನೂ ಎದ್ದನು. ಆಗ ಪೌಲನು ಎಲ್ಲರ ಎದುರಿನಲ್ಲಿ ಪೇತ್ರನನ್ನು ಮುಖಕ್ಕೆ ಮುಖ ಕೊಟ್ಟು ಖಂಡಿಸಿದನು. ಇದು ನಡೆದದ್ದು ಕ್ರಿ.ಶ. 50ರ ಆಸುಪಾಸಿನಲ್ಲಿ. ಪೌಲನೇ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಇದನ್ನು ದಾಖಲಿಸಿದ್ದಾನೆ.

ಮನುಷ್ಯನು ದೇವರ ಮುಂದೆ ನೀತಿವಂತನಾಗುವುದು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ, ಕ್ರಿಸ್ತನಲ್ಲಿಡುವ ನಂಬಿಕೆಯಿಂದ ಎಂಬ ಪೌಲನ ಪ್ರಸಿದ್ಧ ವಾದವು ಈ ಪ್ರಸಂಗದ ಬೆನ್ನಿಗೇ ಬರುತ್ತದೆ ಎಂಬುದನ್ನು ನಾವು ಮರೆಯಬಾರದು. ಇಲ್ಲಿ ಆತನು ‘ಕ್ರಿಯೆ’ಗಳೆಂದು ಕರೆದದ್ದು ಮುಖ್ಯವಾಗಿ ಯಾವುದನ್ನು? ಹಸಿದವನಿಗೆ ಅನ್ನವಿಕ್ಕುವುದನ್ನಲ್ಲ, ಒಂದು ಜನಾಂಗವನ್ನು ಇನ್ನೊಂದರಿಂದ ಬೇರೆಯೆಂದು ತೋರಿಸುವ ಗುರುತುಗಳನ್ನು. ಸುನ್ನತಿಯಾದವನು ಒಳಗಿನವನು, ಆಗದವನು ಹೊರಗಿನವನು ಎಂಬ ಗೆರೆಯನ್ನು ಅಳಿಸುವುದು ಆತನ ಉದ್ದೇಶವಾಗಿತ್ತು. ಅದಕ್ಕಾಗಿ ಆತನು ಯೆಹೂದ್ಯರ ಮೂಲಪುರುಷನಾದ ಅಬ್ರಹಾಮನನ್ನೇ ಸಾಕ್ಷಿಗೆ ಕರೆದನು. ಆದಿಕಾಂಡದ ಕ್ರಮದಲ್ಲಿ ಅಬ್ರಹಾಮನು ದೇವರ ಮಾತನ್ನು ನಂಬಿದ್ದು ಮೊದಲು, ಸುನ್ನತಿ ಮಾಡಿಸಿಕೊಂಡದ್ದು ಅನಂತರ. ಹಾಗಾದರೆ ದೇವರು ಆತನನ್ನು ಅಂಗೀಕರಿಸಿದಾಗ ಆತನೂ ಸುನ್ನತಿಯಿಲ್ಲದವನೇ ತಾನೆ ಎಂಬುದು ಪೌಲನ ತರ್ಕ. ಇದೇ ಪೌಲನು ಮಕೆದೋನ್ಯ, ಅಖಾಯ ಸೀಮೆಗಳ ಅನ್ಯಜನರ ಸಭೆಗಳಿಂದ ವರ್ಷಗಟ್ಟಲೆ ಹಣ ಕೂಡಿಸಿ ಯೆರೂಸಲೇಮಿನ ಬಡವರಿಗೆ ಒಯ್ದನು. ತನ್ನನ್ನು ಸಂದೇಹದಿಂದ ನೋಡುತ್ತಿದ್ದ ಊರಿನ ಬಡವರಿಗಾಗಿ ಹೀಗೆ ತಿರುಗಿದವನನ್ನು ಸತ್ಕಾರ್ಯದ ವಿರೋಧಿಯೆಂದು ಹೇಳುವುದು ಹೇಗೆ?

ಆದರೂ ಪೌಲನ ಮಾತು ತಪ್ಪರ್ಥಕ್ಕೆ ಈಡಾಯಿತೆಂಬುದಕ್ಕೆ ಹೊಸ ಒಡಂಬಡಿಕೆಯಲ್ಲಿಯೇ ಸೂಚನೆ ಇದೆ. ಯಾಕೋಬನ ಹೆಸರಿನಲ್ಲಿರುವ ಪತ್ರವು ಕ್ರಿಯೆಯಿಲ್ಲದ ನಂಬಿಕೆಯನ್ನು ಪ್ರಾಣವಿಲ್ಲದ ದೇಹಕ್ಕೆ ಹೋಲಿಸುತ್ತದೆ. ಬಟ್ಟೆಯಿಲ್ಲದ, ಅಂದಿನ ಊಟಕ್ಕೂ ಗತಿಯಿಲ್ಲದ ಸಹೋದರನಿಗೆ ಬರಿಯ ಹಾರೈಕೆಯ ಮಾತಾಡಿ ಕಳಿಸಿದರೆ ಫಲವೇನು ಎಂದು ಕೇಳುತ್ತದೆ. ಈ ಪತ್ರವೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತದೆ; ಆದರೆ ನಂಬಿದ ಅಬ್ರಹಾಮನನ್ನಲ್ಲ, ಮಗನಾದ ಇಸಾಕನನ್ನು ಯಜ್ಞವೇದಿಕೆಗೆ ಕರೆದೊಯ್ದ ಅಬ್ರಹಾಮನನ್ನು. ಮೇಲ್ನೋಟಕ್ಕೆ ಇಬ್ಬರೂ ಎದುರಾಳಿಗಳು. ಆದರೆ ಯಾಕೋಬನ ಪತ್ರದ ಈ ವಾದ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ನೋಡಬೇಕು. ಸಭೆಗೆ ಚಿನ್ನದ ಉಂಗುರ ತೊಟ್ಟ ಶ್ರೀಮಂತನೊಬ್ಬನು ಬರುತ್ತಾನೆ, ಕೊಳಕು ಬಟ್ಟೆಯ ಬಡವನೊಬ್ಬನು ಬರುತ್ತಾನೆ. ಶ್ರೀಮಂತನಿಗೆ ಒಳ್ಳೆಯ ಆಸನ. ಬಡವನಿಗೆ ನಿಲ್ಲುವ ಜಾಗ, ಇಲ್ಲವೇ ಕಾಲ ಬಳಿಯ ನೆಲ. ಇದೂ ಪಂಕ್ತಿಭೇದವೇ. ಪೌಲನು ಖಂಡಿಸಿದ್ದು ಹುಟ್ಟಿನ ಪಂಕ್ತಿಭೇದವನ್ನು. ಯಾಕೋಬನು ಖಂಡಿಸಿದ್ದು ಹಣದ ಪಂಕ್ತಿಭೇದವನ್ನು. ಒಬ್ಬನು ಗುರುತಿನ ಗರ್ವಕ್ಕೆ ಮದ್ದು ಕೊಟ್ಟನು, ಇನ್ನೊಬ್ಬನು ಬರಿಮಾತಿನ ಭಕ್ತಿಗೆ ಮದ್ದು ಕೊಟ್ಟನು. ರೋಗ ಬೇರೆಯಾದ್ದರಿಂದ ಔಷಧವೂ ಬೇರೆಯಾಗಿ ಕಾಣುತ್ತದೆ.

ಇಲ್ಲಿ ಮಾತಿನ ಬಗ್ಗೆಯೂ ಒಂದು ಮಾತು ಹೇಳಬೇಕು. ನಂಬಿಕೆಗೆ ಪೌಲನು ಬಳಸುವ ಗ್ರೀಕ್ ಪದ ‘ಪಿಸ್ತಿಸ್’. ಅದಕ್ಕೆ ಒಬ್ಬರಲ್ಲಿ ಇಡುವ ಭರವಸೆ ಎಂಬ ಅರ್ಥವೂ ಇದೆ, ಭರವಸೆಗೆ ತಕ್ಕಂತೆ ನಡೆದುಕೊಳ್ಳುವ ನಿಷ್ಠೆ ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ನಂಬುವವನಲ್ಲಿ ಇರುವುದು ನಂಬಿಕೆ. ನಂಬಿಸಿಕೊಳ್ಳಲು ಯೋಗ್ಯನಾದವನು ನಂಬಿಗಸ್ತ. ಎರಡೂ ಒಂದೇ ಬೇರಿನಿಂದ ಹೊರಟ ಚಿಗುರುಗಳು. ಆದರೆ ‘ನೀತಿವಂತ’ ಎಂಬ ಪದದಲ್ಲಿ ತೊಡಕಿದೆ. ಪೌಲನ ಮೂಲಪದವು ನ್ಯಾಯಸ್ಥಾನದ ಮಾತು. ಕಟಕಟೆಯಲ್ಲಿ ನಿಂತವನ ಪರವಾಗಿ ತೀರ್ಪು ಕೊಡುವುದೆಂದು ಅದರ ಅರ್ಥ. ಕನ್ನಡದ ಕಿವಿಗೆ ನೀತಿವಂತನೆಂದರೆ ಸನ್ನಡತೆಯುಳ್ಳವನು. ನಡತೆಯಿಂದಲ್ಲದೆ ನೀತಿವಂತನಾಗುವುದು ಹೇಗೆಂದು ಕನ್ನಡದ ಓದುಗನು ಸಹಜವಾಗಿಯೇ ಬೆರಗಾಗುತ್ತಾನೆ. ಬಳ್ಳಾರಿಯಲ್ಲಿ ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ 1831ರಲ್ಲಿ ಕನ್ನಡದ ಸಂಪೂರ್ಣ ಬೈಬಲ್ ಹೊರಬಂದಿತು. ಅಂದಿನಿಂದ ಭಾಷಾಂತರಕಾರರೆಲ್ಲರೂ ಎದುರಿಸಬೇಕಾಗಿ ಬಂದ ತೊಡಕು ಇದು. ನಂಬಿಕೆಯನ್ನೂ ನಡತೆಯನ್ನೂ ಸುಲಭವಾಗಿ ಬಿಡಿಸಿಡಲು ಭಾಷೆಯೇ ಒಪ್ಪುವುದಿಲ್ಲ.

ಅಂತಿಯೋಕ್ಯದ ಪಂಕ್ತಿಯ ನೆನಪು ಕ್ರಮೇಣ ಮಾಸಿತು. ಯೂರೋಪು ಕ್ರೈಸ್ತ ಖಂಡವಾದ ಮೇಲೆ ಯೆಹೂದ್ಯ-ಅನ್ಯಜನರ ಸಹಭೋಜನದ ಪ್ರಶ್ನೆ ಅಲ್ಲಿಯ ಸಭೆಗಳಲ್ಲಿ ಉಳಿಯಲಿಲ್ಲ. ಅದರ ಜಾಗದಲ್ಲಿ ಒಂಟಿ ಜೀವದ ಪ್ರಶ್ನೆ ನಿಂತಿತು: ನನ್ನ ಪಾಪದ ಲೆಕ್ಕ ತೀರುವುದು ಹೇಗೆ? ಸತ್ತ ಮೇಲೆ ಆತ್ಮವು ಶುದ್ಧಿಗಾಗಿ ಅನುಭವಿಸಬೇಕಾದ ಶಿಕ್ಷೆಯನ್ನು ತಗ್ಗಿಸುವ ವಿಮೋಚನಾ ಪತ್ರಗಳು ಹಣಕ್ಕೆ ದೊರೆಯುವಂತಾದವು. ಮೈಂಟ್ಸ್ ನಗರದ ಆರ್ಚ್‌ಬಿಷಪ್ ಆಲ್ಬ್ರೆಕ್ಟನು ತನ್ನ ಪದವಿಗಾಗಿ ಫುಗ್ಗರ್ ಮನೆತನದ ಲೇವಾದೇವಿಯವರಲ್ಲಿ ಸಾಲ ಮಾಡಿದ್ದನು. ಪತ್ರಗಳ ಮಾರಾಟದ ಅರ್ಧ ಹಣ ಆ ಸಾಲಕ್ಕೆ, ಇನ್ನರ್ಧ ರೋಮಿನ ಸಂತ ಪೇತ್ರರ ದೇವಾಲಯದ ಕಟ್ಟಡಕ್ಕೆ ಎಂದು ಏರ್ಪಾಡಾಯಿತು. 1517ರ ಅಕ್ಟೋಬರ್ 31ರಂದು ವಿಟೆನ್‌ಬರ್ಗಿನ ಪ್ರಾಧ್ಯಾಪಕ ಮಾರ್ಟಿನ್ ಲೂಥರನು ಇದರ ವಿರುದ್ಧ 95 ವಾದಸೂತ್ರಗಳನ್ನು ಹೊರಡಿಸಿದನು. ಬಡವನನ್ನು ಕಂಡೂ ಕಾಣದಂತೆ ದಾಟಿಹೋಗಿ ವಿಮೋಚನಾ ಪತ್ರ ಕೊಳ್ಳುವವನಿಗೆ ದೊರೆಯುವುದು ಕ್ಷಮೆಯಲ್ಲ, ದೇವರ ಕೋಪ ಎಂಬ ಅರ್ಥದ ಸೂತ್ರ ಅವುಗಳಲ್ಲಿ ಒಂದು. ಲೂಥರನ ಪ್ರತಿಭಟನೆ ಸತ್ಕಾರ್ಯದ ವಿರುದ್ಧವಾಗಿರಲಿಲ್ಲ. ಬಡವನ ಪಾಲಿಗೆ ಸೇರಬೇಕಾದ ಸತ್ಕಾರ್ಯವನ್ನು ತನ್ನ ಪುಣ್ಯದ ಖಾತೆಗೆ ಜಮಾ ಮಾಡಿಕೊಳ್ಳುವ ಬುದ್ಧಿಯ ವಿರುದ್ಧವಾಗಿತ್ತು.

1520ರಲ್ಲಿ ಆತನು ಸತ್ಕಾರ್ಯಗಳನ್ನು ಕುರಿತೇ ಒಂದು ಪುಸ್ತಕವನ್ನೂ, ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು ಇನ್ನೊಂದನ್ನೂ ಬರೆದನು. ಆತನ ವಿಚಾರ ಇಷ್ಟು: ಹಣ್ಣಿನಿಂದ ಮರ ಒಳ್ಳೆಯದಾಗುವುದಿಲ್ಲ, ಮರ ಒಳ್ಳೆಯದಾದ್ದರಿಂದ ಹಣ್ಣು ಒಳ್ಳೆಯದಾಗುತ್ತದೆ. ದೇವರ ಕೃಪೆಯಿಂದ ತಾನು ಅಂಗೀಕೃತನೆಂದು ನಂಬಿದವನಿಗೆ ತನಗಾಗಿ ಗಳಿಸಬೇಕಾದದ್ದು ಏನೂ ಉಳಿಯುವುದಿಲ್ಲ. ಆದ್ದರಿಂದಲೇ ಅವನ ಕೈ ನೆರೆಯವನ ಸೇವೆಗೆ ಬಿಡುವಾಗುತ್ತದೆ. ಇದು ಬರಿಯ ಮಾತಾಗಿ ಉಳಿಯಲಿಲ್ಲ. 1523ರಲ್ಲಿ ಸ್ಯಾಕ್ಸನಿಯ ಲೈಸ್‌ನಿಗ್ ಎಂಬ ಸಣ್ಣ ಊರು ಬಡವರಿಗಾಗಿ ಒಂದು ಸಾರ್ವಜನಿಕ ಪೆಟ್ಟಿಗೆಯನ್ನು ಏರ್ಪಡಿಸಿತು. ಅದರ ನಿಯಮಾವಳಿಗೆ ಲೂಥರನೇ ಮುನ್ನುಡಿ ಬರೆದನು. ನೋಡಿಕೊಳ್ಳುವವರು ಹತ್ತು ಜನ: ಜಮೀನುದಾರರು ಇಬ್ಬರು, ನಗರಸಭೆಯವರು ಇಬ್ಬರು, ಪಟ್ಟಣಿಗರು ಮೂವರು, ಹಳ್ಳಿಯ ರೈತರು ಮೂವರು. ಪೆಟ್ಟಿಗೆಗೆ ನಾಲ್ಕು ಬೀಗ. ನಾಲ್ಕು ವರ್ಗದವರ ಬಳಿ ಒಂದೊಂದು ಕೀಲಿಕೈ. ನಾಲ್ವರೂ ಕೂಡಿದಲ್ಲದೆ ಪೆಟ್ಟಿಗೆ ತೆರೆಯದು. ಪುಣ್ಯಕ್ಕಾಗಿ ಒಬ್ಬೊಬ್ಬರೇ ಹಾಕುತ್ತಿದ್ದ ಭಿಕ್ಷೆಯು ಇಲ್ಲಿ ಊರಿನ ಹೊಣೆಯಾಗಿ ಮಾರ್ಪಟ್ಟಿತು.

ಲೂಥರನ ಚಿತ್ರದಲ್ಲಿ ನೆರಳುಗಳೂ ಇವೆ. 1522ರ ತನ್ನ ಜರ್ಮನ್ ಭಾಷಾಂತರದಲ್ಲಿ ಆತನು ರೋಮಾಪುರದವರಿಗೆ ಬರೆದ ಪತ್ರದ ಒಂದು ವಾಕ್ಯಕ್ಕೆ ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಅರ್ಥದ ಪದವನ್ನು ಸೇರಿಸಿದನು. ಅದು ಜರ್ಮನ್ ನುಡಿಯ ಜಾಯಮಾನವೆಂದು 1530ರಲ್ಲಿ ಸಮರ್ಥಿಸಿಕೊಂಡನು. ಸ್ವಾರಸ್ಯವೆಂದರೆ, ‘ನಂಬಿಕೆ ಮಾತ್ರ’ ಎಂಬ ಪದಜೋಡಿ ಹೊಸ ಒಡಂಬಡಿಕೆಯ ಮೂಲದಲ್ಲಿ ಬರುವುದು ಯಾಕೋಬನ ಪತ್ರದಲ್ಲೊಮ್ಮೆ. ಅದೂ ನಿಷೇಧದ ರೂಪದಲ್ಲಿ. ಆ ಪತ್ರವನ್ನು ಲೂಥರನು ತನ್ನ ಪೀಠಿಕೆಯಲ್ಲಿ ಹುಲ್ಲಿಗೆ ಹೋಲಿಸಿದನು. ಮುಂದಿನ ಮುದ್ರಣಗಳಲ್ಲಿ ಆ ಮಾತನ್ನು ಕೈಬಿಟ್ಟನು. 1525ರಲ್ಲಿ ಸ್ವಾತಂತ್ರ್ಯದ ಬೋಧೆಯನ್ನು ತಮ್ಮ ಬಾಳಿಗೂ ಅನ್ವಯಿಸಿಕೊಂಡು ದಂಗೆಯೆದ್ದ ರೈತರನ್ನು ಹತ್ತಿಕ್ಕಬೇಕೆಂದು ದೊರೆಗಳಿಗೆ ಕರೆಕೊಟ್ಟನು. 1543ರಲ್ಲಿ ಯೆಹೂದ್ಯರ ವಿರುದ್ಧ ಬರೆದ ಪುಸ್ತಕದಲ್ಲಿ ಅವರ ಪ್ರಾರ್ಥನಾ ಮಂದಿರಗಳನ್ನು ಸುಡಬೇಕೆನ್ನುವವರೆಗೂ ಹೋದನು. ಪಂಕ್ತಿಯ ಗೆರೆಯನ್ನು ಅಳಿಸಲೆಂದು ಪೌಲನು ಹೂಡಿದ ವಾದವು, ಪೌಲನ ಜನಾಂಗವನ್ನೇ ಹೊರಗಿಡುವ ಗೆರೆಯಾದದ್ದು ಚರಿತ್ರೆಯ ಕ್ರೂರ ವ್ಯಂಗ್ಯಗಳಲ್ಲಿ ಒಂದು.

ರೋಮನ್ ಕಥೋಲಿಕ ಧರ್ಮಸಭೆಯು ತನ್ನ ಉತ್ತರವನ್ನು ಟ್ರೆಂಟ್ ಮಹಾಸಭೆಯಲ್ಲಿ 1547ರ ಜನವರಿ 13ರಂದು ಕೊಟ್ಟಿತು. ಸತ್ಕಾರ್ಯಗಳಿಂದಲೇ ಮುಕ್ತಿ ಎಂದು ಕಥೋಲಿಕರು ಬೋಧಿಸುತ್ತಾರೆಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಆದರೆ ಆ ನಿರ್ಣಯದ ಮೊದಲನೆಯ ವಿಧಿಯೇ, ಕೃಪೆಯ ಹಂಗಿಲ್ಲದೆ ಮನುಷ್ಯನು ತನ್ನ ಕ್ರಿಯೆಗಳಿಂದ ನೀತಿವಂತನಾಗಬಲ್ಲನೆನ್ನುವವರನ್ನು ಖಂಡಿಸುತ್ತದೆ. ಕೃಪೆಯೇ ಮೊದಲು, ಆದರೆ ಮನುಷ್ಯನು ಅದಕ್ಕೆ ಓಗೊಟ್ಟು ಸಹಕರಿಸುತ್ತಾನೆ, ಕೃಪೆಯಿಂದ ನಿಜವಾಗಿಯೂ ಒಳಗಿನಿಂದ ಮಾರ್ಪಡುತ್ತಾನೆ ಎಂಬುದು ಟ್ರೆಂಟಿನ ನಿಲುವು. ಶಾಂತವಾಗಿ ಕುಳಿತು ಮಾತಾಡಿದ್ದರೆ ಎರಡು ಪಕ್ಷಗಳ ನಡುವಣ ದೂರ ಅಂದು ಕಂಡಷ್ಟು ಇರಲಿಲ್ಲವೇನೋ. ಆದರೆ ಅಷ್ಟು ಹೊತ್ತಿಗೆ ವಾದವು ಪಂಡಿತರ ಕೈಮೀರಿ ದೊರೆಗಳ ಕೈಗೆ ಹೋಗಿತ್ತು. 1555ರ ಔಗ್ಸ್‌ಬರ್ಗ್ ಒಪ್ಪಂದದಂತೆ ಆಯಾ ನಾಡಿನ ಮತವನ್ನು ಅಲ್ಲಿಯ ದೊರೆ ನಿರ್ಧರಿಸಿದನು. ಒಪ್ಪದವನು ನಾಡು ಬಿಡಬೇಕಾಯಿತು. ನಂಬಿಕೆಯು ಹೃದಯದ ಭರವಸೆಯಾಗಿ ಉಳಿಯದೆ ಗಡಿಕಲ್ಲಾಯಿತು. ಸುನ್ನತಿಯ ಜಾಗದಲ್ಲಿ ಈಗ ಸರಿಯಾದ ಸಿದ್ಧಾಂತವೇ ಒಳಗಿನವರ ಗುರುತಾಯಿತು. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧವು ಜರ್ಮನಿಯನ್ನು ಹಾಳುಗೆಡವಿತು. ಆ ಯುದ್ಧಕ್ಕೆ ರಾಜಕೀಯ ಕಾರಣಗಳೂ ಇದ್ದವು, ನಿಜ. ಆದರೆ ಕತ್ತಿ ಹಿಡಿದವರು ತಮ್ಮ ಗುರುತನ್ನು ಹೇಳಿಕೊಂಡದ್ದು ನಂಬಿಕೆಯ ಹೆಸರಿನಲ್ಲಿ.

ಈ ಹಾಳಿನ ನಡುವಿನಿಂದಲೇ ಜರ್ಮನಿಯಲ್ಲಿ ಪಯಟಿಸ್ಟರೆಂಬ ಭಕ್ತಿಪಂಥದವರು ತಲೆಯೆತ್ತಿದರು. ಸಿದ್ಧಾಂತ ಶುದ್ಧವಾಗಿದ್ದರೆ ಸಾಲದು, ಬಾಳು ಬದಲಾಗಬೇಕೆಂದು ಫಿಲಿಪ್ ಸ್ಪೆನರ್ 1675ರಲ್ಲಿ ಬರೆದರು. ಹಾಲೆ ನಗರದಲ್ಲಿ ಆಗಸ್ಟ್ ಹರ್ಮನ್ ಫ್ರಾಂಕೆ 1695ರಲ್ಲಿ ಬಡಮಕ್ಕಳ ಶಾಲೆಯನ್ನೂ ಅನಾಥಾಲಯವನ್ನೂ ಆರಂಭಿಸಿದರು. ಈ ಧಾರೆಯೇ ನಮ್ಮ ದೇಶಕ್ಕೂ ಹರಿದು ಬಂದಿತು. 1706ರಲ್ಲಿ ಹಾಲೆಯ ಶಿಷ್ಯರಾದ ಸೀಗನ್‌ಬಾಲ್ಗ್ ಮತ್ತು ಪ್ಲೂಟ್ಷೌ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದರು. ಅಲ್ಲಿ ಅಂತಿಯೋಕ್ಯದ ಪ್ರಶ್ನೆ ಮರುಹುಟ್ಟು ಪಡೆಯಿತು. ತಮಿಳು ಸಭೆಗಳಲ್ಲಿ ಜಾತಿಗೊಂದು ಜಾಗವೆಂಬಂತೆ ಬೇರೆ ಬೇರೆ ಕುಳಿತುಕೊಳ್ಳುವುದು, ಪ್ರಭುಭೋಜನವನ್ನು ಬೇರೆ ಬೇರೆಯಾಗಿ ಸ್ವೀಕರಿಸುವುದು ರೂಢಿಯಾಗಿ ಉಳಿಯಿತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಅವರು ಸಭೆಗಳಲ್ಲಿ ಜಾತಿಭೇದವನ್ನು ಕೂಡಲೇ ಬಿಡಬೇಕೆಂದು ಆಜ್ಞೆ ಹೊರಡಿಸಿದಾಗ ತಂಜಾವೂರು ಮೊದಲಾದೆಡೆ ಅನೇಕರು ಸಭೆಯನ್ನೇ ತೊರೆದರು. ದೀಕ್ಷಾಸ್ನಾನದ ನೀರು ಪಂಕ್ತಿಯ ಗೆರೆಯನ್ನು ತಾನಾಗಿಯೇ ತೊಳೆಯಲಿಲ್ಲ.

ಮರುವರ್ಷ, 1834ರಲ್ಲಿ, ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. ಅವರೂ ಇದೇ ಭಕ್ತಿಪಂಥದ ನೆಲದಲ್ಲಿ ಬೆಳೆದವರು. ಸಭೆಯೊಳಗೆ ಜಾತಿಗೆ ಜಾಗವಿಲ್ಲವೆಂಬ ನಿಲುವಿನವರು. ಆದರೆ ಜಾತಿಯನ್ನು ಬಿಟ್ಟವನು ನಮ್ಮ ಸಮಾಜದಲ್ಲಿ ಪಂಕ್ತಿಯನ್ನು ಮಾತ್ರ ಬಿಡುತ್ತಿರಲಿಲ್ಲ. ಮನೆ, ಕಸುಬು, ಗೇಣಿಯ ಭೂಮಿ ಎಲ್ಲವೂ ಕೈಬಿಟ್ಟುಹೋಗುತ್ತಿದ್ದವು. ಹೊಸ ನಂಬಿಕೆ ಅವನಿಗೊಂದು ಹೊಸ ಗುರುತನ್ನು ಕೊಟ್ಟಿತು. ಅನ್ನವನ್ನು ಕೊಡುವವರು ಯಾರು? ನೇಯ್ಗೆಯ ಕಾರ್ಖಾನೆಗಳು, ಮುದ್ರಣಾಲಯ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆ ಇವೆಲ್ಲ ಬೆಳೆಯಲು ಈ ಪ್ರಶ್ನೆಯೂ ಒಂದು ಮುಖ್ಯ ಕಾರಣ. ನಾಡಿನ ಸೂರುಗಳನ್ನೆಲ್ಲ ಮುಚ್ಚಿದ ಕೆಂಪು ಹಂಚಿನ ಹಿಂದೆ ಹೀಗೊಂದು ಧರ್ಮಸಂಕಟದ ಕಥೆಯಿದೆ. ಅನ್ನದ ಆಸೆಗೆ ಮತ ಬದಲಿಸಿದರು ಎಂಬ ಟೀಕೆಯೂ ಇಂಥ ಸೇವೆಗಳ ಬೆನ್ನು ಬಿಡಲಿಲ್ಲ. ಆ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಸತ್ಕಾರ್ಯವು ಪ್ರತಿಫಲವನ್ನು ಬಯಸಿದರೆ, ಆ ಪ್ರತಿಫಲ ಸ್ವರ್ಗವಾಗಿರಲಿ, ಸಭೆಯ ಸಂಖ್ಯೆಯಾಗಿರಲಿ, ಲೂಥರನ ಮಾತಿನಂತೆಯೇ ಅದು ಸತ್ಕಾರ್ಯವಾಗಿ ಉಳಿಯುವುದಿಲ್ಲ. ಆದರೆ ಪಂಕ್ತಿಯಿಂದ ಹೊರದೂಡಲ್ಪಟ್ಟವನಿಗೆ ದುಡಿಯುವ ಜಾಗವನ್ನು ಒದಗಿಸದೆ ಬರಿಯ ಹಾರೈಕೆ ಹೇಳಿ ಕಳಿಸಿದ್ದರೆ ಯಾಕೋಬನು ಕ್ಷಮಿಸುತ್ತಿದ್ದನೇ?

ನಂಬಿಕೆ, ಗುರುತು, ನಡತೆಗಳ ಸಂಬಂಧದ ಅತ್ಯಂತ ಕಠಿಣ ಪರೀಕ್ಷೆ ನಡೆದದ್ದು ಲೂಥರನ ನಾಡಿನಲ್ಲಿಯೇ. 1933ರ ಏಪ್ರಿಲಿನಲ್ಲಿ ಹಿಟ್ಲರನ ಸರ್ಕಾರ ಯೆಹೂದ್ಯ ಮೂಲದವರನ್ನು ಸರ್ಕಾರಿ ಹುದ್ದೆಗಳಿಂದ ತೆಗೆಯುವ ಕಾನೂನು ತಂದಿತು. ಅದೇ ಸೆಪ್ಟೆಂಬರಿನಲ್ಲಿ ಪ್ರಶ್ಯದ ಪ್ರೊಟೆಸ್ಟೆಂಟ್ ಸಭೆಯ ಅಧಿವೇಶನವು ಆ ನಿಯಮವನ್ನು ಸಭೆಯೊಳಕ್ಕೂ ತಂದಿತು. ದೀಕ್ಷಾಸ್ನಾನ ಪಡೆದ ಕ್ರೈಸ್ತನಾದರೂ ಅಜ್ಜನ ರಕ್ತದಲ್ಲಿ ಯೆಹೂದ್ಯತನವಿದ್ದರೆ ಅವನು ಸಭಾಪಾಲಕನಾಗಿರುವಂತಿಲ್ಲ. ನಂಬಿಕೆ ಮಾತ್ರ ಸಾಕೆಂದು ನಾಲ್ಕು ಶತಮಾನ ಸಾರಿದ ಸಭೆ, ಪರೀಕ್ಷೆಯ ಗಳಿಗೆಯಲ್ಲಿ ರಕ್ತವೂ ಬೇಕೆಂದಿತು. ಮಾರ್ಟಿನ್ ನೀಮೊಲರ್ ಮೊದಲಾದವರು ಪ್ರತಿಭಟಿಸಿದರು. ಆದರೆ 1934ರ ಮೇ ತಿಂಗಳ ಬಾರ್ಮೆನ್ ಘೋಷಣೆ ಸಭೆಯ ಸ್ವಾತಂತ್ರ್ಯವನ್ನು ಎತ್ತಿಹಿಡಿದರೂ ಯೆಹೂದ್ಯರ ಬಗ್ಗೆ ಮೌನವಾಗಿಯೇ ಉಳಿಯಿತು. ಲೂಥರನ್ ಪಾದ್ರಿಯೂ ವಿದ್ವಾಂಸರೂ ಆದ ಡೀಟ್ರಿಚ್ ಬಾನ್‌ಹೋಫರ್ ಅವರು 1937ರ ತಮ್ಮ ಪುಸ್ತಕದಲ್ಲಿ, ಬಾಳನ್ನು ಬದಲಿಸದ ಕೃಪೆಯು ಅಗ್ಗದ ಸರಕು ಎಂಬ ವಿಚಾರವನ್ನು ಮಂಡಿಸಿದರು. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಲೂಥರನನ್ನು ಅವರು ಬಿಟ್ಟುಕೊಡಲಿಲ್ಲ. ಲೂಥರನ ಮಾತಿನ ಮರೆಯಲ್ಲಿ ಅಡಗಿಕೊಳ್ಳುವುದನ್ನು ಮಾತ್ರ ಒಪ್ಪಲಿಲ್ಲ.

ಯುದ್ಧಾನಂತರದ ಪಂಡಿತರು ಪೌಲನನ್ನು ಮತ್ತೆ ಓದಲು ತೊಡಗಿದರು. 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಅವರು ಪೌಲನ ಕಾಲದ ಯೆಹೂದ್ಯ ಧರ್ಮವು ಪುಣ್ಯ ಗಳಿಕೆಯ ಲೆಕ್ಕಾಚಾರವಾಗಿರಲಿಲ್ಲ, ಅದಕ್ಕೂ ದೇವರ ಕೃಪೆಯೇ ತಳಹದಿಯಾಗಿತ್ತು ಎಂದು ವಿಸ್ತಾರವಾದ ಆಧಾರಗಳಿಂದ ತೋರಿಸಿದರು. ಅವರ ತರುವಾಯ ಜೇಮ್ಸ್ ಡನ್ ಮೊದಲಾದವರು, ಧರ್ಮಶಾಸ್ತ್ರದ ಕ್ರಿಯೆಗಳೆಂದರೆ ಜನಾಂಗದ ಗುರುತುಗಳು ಎಂಬ ವಿವರಣೆಯನ್ನು ಬೆಳೆಸಿದರು. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ಮರೆತುಹೋಗಿದ್ದ ಅಂತಿಯೋಕ್ಯದ ಪಂಕ್ತಿ ಹೀಗೆ ಮತ್ತೆ ಚರ್ಚೆಯ ನಡುವಿಗೆ ಬಂದಿತು. 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗ್ ನಗರದಲ್ಲಿ ರೋಮನ್ ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟಗಳು ಜಂಟಿ ಘೋಷಣೆಗೆ ಸಹಿ ಹಾಕಿದವು. ಮನುಷ್ಯನು ಅಂಗೀಕೃತನಾಗುವುದು ತನ್ನ ಯೋಗ್ಯತೆಯಿಂದಲ್ಲ, ಕೃಪೆಯಿಂದ. ಆ ಕೃಪೆಯೇ ಅವನನ್ನು ಸತ್ಕಾರ್ಯಗಳಿಗೆ ಕರೆಯುತ್ತದೆ ಎಂದು ಇಬ್ಬರೂ ಕೂಡಿ ಹೇಳಿದರು. 2006ರಲ್ಲಿ ಮೆಥಡಿಸ್ಟರೂ, 2017ರಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವ ಒಕ್ಕೂಟವೂ ಇದರಲ್ಲಿ ಸೇರಿಕೊಂಡವು.

ಈ ದೀರ್ಘ ಚರಿತ್ರೆಯಿಂದ ತಿಳಿಯುವುದೇನು? ಒಳಗಿನವರು ಯಾರೆಂದು ಅಳೆಯಲು ಯಾವುದನ್ನು ಕೋಲಾಗಿ ಹಿಡಿದರೂ ಅದು ಕಡೆಗೆ ಬೇಲಿಯ ಗೂಟವಾಗುತ್ತದೆ. ಸುನ್ನತಿ ಹಾಗಾಯಿತು, ದಾನಧರ್ಮ ಹಾಗಾಯಿತು, ನಂಬಿಕೆಯೂ ಹಾಗಾಯಿತು. ಪೌಲನೂ ಯಾಕೋಬನೂ, ಲೈಸ್‌ನಿಗ್ಗಿನ ಪೆಟ್ಟಿಗೆಗೆ ಬೀಗ ಹಾಕಿದ ಊರವರೂ ಬೇರೆ ಬೇರೆ ಮಾತುಗಳಲ್ಲಿ ಹೇಳಿದ್ದು ಒಂದೇ: ಅಂಗೀಕಾರವು ಮೊದಲು ದೊರೆತುಬಿಟ್ಟಿದೆ, ಆದ್ದರಿಂದ ಪಕ್ಕದವನಿಗೆ ಜಾಗ ಬಿಡು. ಜಾಗ ಬಿಡದವನ ನಂಬಿಕೆ ಹೆಸರಿನದು ಮಾತ್ರ. ಔಗ್ಸ್‌ಬರ್ಗಿನ ಸಹಿಯಾದ ಮೇಲೆಯೂ ಕಥೋಲಿಕರೂ ಲೂಥರನ್ನರೂ ಪ್ರಭುಭೋಜನದ ಒಂದೇ ಮೇಜಿನ ಸುತ್ತ ಸಾಮಾನ್ಯವಾಗಿ ಕೂಡುವಂತಾಗಿಲ್ಲ. ಸಿದ್ಧಾಂತದ ಕಗ್ಗಂಟು ಬಹುಮಟ್ಟಿಗೆ ಸಡಿಲಿದೆ. ಅಂತಿಯೋಕ್ಯದಲ್ಲಿ ಎದ್ದುಹೋದವರು ಮರಳಿ ಬಂದು ಕುಳಿತುಕೊಳ್ಳುವುದು ಇನ್ನೂ ಬಾಕಿ ಇದೆ.